ಭೀಮಿಬಾಯಿ ಸಕ್ಕರೆ ಬಿಟ್ಟ ದಿನ

ಭೀಮಿಬಾಯಿಗೆ ಸಂಬಳ ಕೊಡುವುದು ಮಗಳನ್ನು ನೋಡಿಕೊಳ್ಳಲೋ, ನನ್ನನ್ನು ನೋಡಿಕೊಳ್ಳಲೋ ಎಂಬುದು ನನ್ನ ಗಂಡ ಶಶಿಧರನಿಗೆ ಇನ್ನೂ ಬಗೆಹರಿದಿಲ್ಲ. ಒಂದೂವರೆ ವರ್ಷದ ಮಲ್ಲಿಕಾ ಸೀನಿದರೆ ನಾನು ಥರ್ಮಾಮೀಟರ್ ಹುಡುಕುತ್ತೇನೆ. ಭೀಮಿಬಾಯಿ ನನಗೆ ಕುರ್ಚಿ ಹುಡುಕುತ್ತಾಳೆ.

ಇಂಡಿ ಕಡೆಯ ತಾಂಡಾದವಳು. ಗೋವೆಗೆ ಬಂದು ಹೋಟೆಲ್ ಕಟ್ಟಡಗಳಿಗೆ ಇಟ್ಟಿಗೆ ಹೊತ್ತಳು. ಮೊಣಕಾಲು ಕೈಕೊಟ್ಟ ಮೇಲೆ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವ ಕೆಲಸ ಹಿಡಿದಳು. ಕುಂಕಳ್ಳಿಯಿಂದ ಹೊರಟು, ಹೊಳೆಯನ್ನು ಫೆರಿ ದೋಣಿಯಲ್ಲಿ ದಾಟಿ, ನಮ್ಮ ಬಟ್ಟೆ ಅಂಗಡಿಯ ಮೇಲಿನ ಮನೆಗೆ ಬರುತ್ತಾಳೆ. ತಾನು ಎರೆದ ಹುಡುಗರು ಫೆರಿಯಲ್ಲಿ ಸಿಕ್ಕರೆ, ಮೀಸೆ ಬಂದಿದ್ದರೂ ಸರಿ, ಮೂಗು ಹಿಡಿದು ನೋಡುತ್ತಾಳೆ: ಅಂದು ತೀಡಿ ತಿದ್ದಿದ್ದು ನೆಟ್ಟಗೆ ಉಳಿದಿದೆಯೇ ಎಂದು.

ಕಳೆದ ತಿಂಗಳು ಮಲ್ಲಿಕಾಗೆ ಭೇದಿ ಹತ್ತಿತು. ಓಆರ್‌ಎಸ್ ಪೊಟ್ಟಣಗಳು ಮುಗಿದಿದ್ದವು. ಹೊಸವು ಬರುವವರೆಗೆ ಮನೆಯಲ್ಲೇ ಕಲಸಿ ಎಂದು ಡಾಕ್ಟರು ಫೋನಿನಲ್ಲಿ ಅಳತೆ ಹೇಳಿದರು: ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆ ಸವರಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಂಜೆಯೊಳಗೆ ಮಗು ಮೂತ್ರ ಮಾಡದಿದ್ದರೆ ಮಡಗಾಂವ್‌ನ ಆಸ್ಪತ್ರೆಗೆ ತನ್ನಿ ಎಂದರು. ನಾನು ಮಗುವಿನ ಆಸ್ಪತ್ರೆ ಕಾಗದ ಹುಡುಕಲು ಓಡಿದೆ. ಕಲಸುವುದನ್ನು ಭೀಮಿಬಾಯಿಗೆ ಬಿಟ್ಟೆ.

ಮಧ್ಯಾಹ್ನವಾದರೂ ಮೂತ್ರದ ಸುಳಿವಿಲ್ಲ, ತುಟಿ ಒಣಗಿತ್ತು. ನೀರನ್ನು ನಾನೇ ರುಚಿ ನೋಡಿದೆ. ಬರೀ ಉಪ್ಪು.

“ಸಕ್ಕರಿ ಎಲ್ಲೈತಿ, ಭೀಮಿಬಾಯಿ?”

“ಹೊಟ್ಟಿ ಝಾಡಿಸೋ ಕೂಸಿಗೆ ಯಾರರೆ ಸಿಹಿ ಕೊಡ್ತಾರೇನ್ರಿ ಅಕ್ಕಾರ? ಇನ್ನೂ ಜಾಸ್ತಿ ಆಗ್ತೈತ್ರಿ. ನಮ್ಮ ತಾಂಡಾದಾಗ ಬೆಲ್ಲದ ಡಬ್ಬಿನ ಮುಚ್ಚಿಡ್ತೀವಿ.”

ಗಾಬರಿಯಾದರೆ ಪಾಠ ಮಾಡುವುದು ನನ್ನ ಚಾಳಿ. ಹೊಸ ನೀರು ಕಲಸುತ್ತಲೇ ಶುರು ಹಚ್ಚಿದೆ. ಕರುಳಿನ ಜೀವಕೋಶಗಳ ಪೊರೆಯಲ್ಲಿ ಎಸ್‌ಜಿಎಲ್‌ಟಿ-೧ ಎಂಬ ಪ್ರೋಟೀನು ಕೂತಿದೆ, ಥೇಟ್ ಫೆರಿಯ ಹಾಗೆ. ಒಂದು ಬದಿ ತೆರೆದಾಗ ಇನ್ನೊಂದು ಬದಿ ಮುಚ್ಚಿರುತ್ತದೆ. ಕರುಳಿನ ಕಡೆ ಬಾಯಿ ತೆರೆದು ಉಪ್ಪಿನ ಸೋಡಿಯಂ ಕಣ ಎರಡು, ಸಕ್ಕರೆಯ ಗ್ಲೂಕೋಸ್ ಕಣ ಒಂದು ಹತ್ತಿಸಿಕೊಳ್ಳುತ್ತದೆ. ಆಮೇಲೆ ಆಕಾರ ಬದಲಿಸಿ ಕೋಶದೊಳಕ್ಕೆ ಬಾಯಿ ತೆರೆದು ಇಳಿಸುತ್ತದೆ. ಅವುಗಳ ಬೆನ್ನು ಹತ್ತಿ ನೀರೂ ಮೈಗೆ ಸೇರುತ್ತದೆ. ಭೇದಿಯಿದ್ದರೂ ಈ ಫೆರಿ ನಡೆಯುತ್ತದೆ. ಆದರೆ ಸಕ್ಕರೆ ಬರದಿದ್ದರೆ ಉಪ್ಪು ಹತ್ತಿ ಕೂತರೂ ಫೆರಿ ಹೊರಡುವುದಿಲ್ಲ.

ಅದನ್ನು ನಡೆಸುವವರು ಗೋವಾ ಸರ್ಕಾರದವರೋ ಎಂದು ಭೀಮಿಬಾಯಿ ಕೇಳಿದಳು. ಸಕ್ಕರೆ ಬಂದರೇ ಅದು ಹೊರಡುವುದಾದರೆ, ಹೆಚ್ಚಿದಷ್ಟೂ ಬೇಗ ದಾಟೀತೆಂದು ಡಬ್ಬಿಯನ್ನೇ ಬಗ್ಗಿಸಹೊರಟಳು. ಹೆಚ್ಚಾದರೆ ಅದು ಕರುಳಲ್ಲೇ ಉಳಿದು ಮೈಯ ನೀರನ್ನೇ ಹೊರಗೆಳೆಯುತ್ತದೆ ಎಂದು ತಡೆದೆ.

“ನಿಮ್ಮ ಫೆರಿನೂ ನಿಮ್ಮಂಗ ಐತಿ ಬಿಡ್ರಿ,” ಎಂದಳು. “ಕಡಿಮಿ ಆದ್ರೂ ತ್ರಾಸು, ಜಾಸ್ತಿ ಆದ್ರೂ ತ್ರಾಸು.”

ಆಮೇಲೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚ ಚಮಚವಾಗಿ ಕುಡಿಸಿದಳು. ನನ್ನ ಚಮಚ ಕಂಡರೆ ಮಲ್ಲಿಕಾ ಬಾಯಿ ಬಿಗಿಯುತ್ತಾಳೆ. ಭೀಮಿಬಾಯಿಯ ಬಳೆ ಅಲುಗಿದರೆ ತೆರೆಯುತ್ತಾಳೆ. ನಾನು ಆಸ್ಪತ್ರೆಯ ಚೀಲ ತುಂಬಿದೆ, ಬಿಚ್ಚಿದೆ, ಮತ್ತೆ ತುಂಬಿದೆ. ಹೊತ್ತು ಇಳಿಯಿತು. ಶಶಿಧರ ಕಾರಿನ ಕೀಲಿ ಹಿಡಿದು ಬಂದು ನಿಲ್ಲುವುದಕ್ಕೂ ಭೀಮಿಬಾಯಿಯ ಮಡಿಲು ಒದ್ದೆಯಾಗುವುದಕ್ಕೂ ಸರಿಹೋಯಿತು. ನಾನು ಅವಳ ಹೆಗಲಿಗೆ ಒರಗಿ ಅತ್ತುಬಿಟ್ಟೆ.

“ಮಗಳು ಉಚ್ಚಿ ಹೊಯ್ದಾಳ, ಅವ್ವ ಅಳಾಕತ್ತಾಳ,” ಎಂದು ಅವಳು ಶಶಿಧರನಿಗೆ ದೂರಿದಳು. “ಇಬ್ಬರೂ ಕೂಡಿ ನನ್ನ ತೋಯಿಸ್ಯಾರ್ರಿ ಸಾವ್ಕಾರ್ರ. ಅಂಗಡ್ಯಾಗಿಂದ ಒಂದು ಒಣಾ ಸೀರಿ ತಗೊಂಡ ಬರ್ರಿ, ಚಲೋದು ನೋಡಿ.”