ಲೇತಿನ ಚೂರು ಎಂದು ಬರೆದ ಗಾಯ

ಗಂಗಕ್ಕ, ನಿಮ್ಮ ಗಂಡ ಹನುಮಂತಪ್ಪನವರ ತೋಳಿಗೆ ತಗುಲಿದ್ದು ಪಿಸ್ತೂಲಿನ ಗುಂಡೇ. ಅದನ್ನು ಲೇತ್ ಯಂತ್ರದಿಂದ ಸಿಡಿದ ಕಬ್ಬಿಣದ ಚೂರು ಎಂದು ಬರೆದವನು ನಾನು— ಆಗ ದಾವಣಗೆರೆಯ ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್. ಹಾಗೆ ಬರೆ ಎಂದು ಯಾರೂ ಹೇಳಿರಲಿಲ್ಲ.

ತೊಂಬತ್ತರ ದಶಕದ ಕೊನೆ. ದಾವಣಗೆರೆಯ ಎರಡು ಓಣಿಗಳಲ್ಲೇ ನಾಡಪಿಸ್ತೂಲಿನ ಹಾವಳಿ ಹೆಚ್ಚೆಂದು ಅಲ್ಲಿಗೆ ವಿಶೇಷ ಗಸ್ತು ಹಾಕಿದ್ದರು. ಗುಂಡಿನ ಕೇಸಿನಲ್ಲಿ ಹೆಸರು ಬಂದವರ ಪಟ್ಟಿ ಮಾಡಿ, ದಿನಾ ಅವರ ಮನೆ ಬಾಗಿಲು ತಟ್ಟುವುದು. ಮೂರು ತಿಂಗಳಿಗೆ ಗುಂಡು ಹಾರುವುದು ಕಡಿಮೆಯಾಯಿತೇ ಎಂದು ವರದಿ ಕೊಡಬೇಕಿತ್ತು. ಪೇದೆಗಳು ಬಿಸಿಲಲ್ಲಿ ಸುತ್ತಿ ಸುಣ್ಣವಾಗಿದ್ದರು, ಅವರಿಗಾಗಿ ವರದಿ ಚೆನ್ನಾಗಿರಲಿ ಎಂದು... ಇಲ್ಲ, ಅದೂ ಸುಳ್ಳು. ಸಾಹೇಬರಿಂದ ಶಭಾಷ್ ಅನ್ನಿಸಿಕೊಳ್ಳುವ ಚಪಲ ನನ್ನದು.

ಗಡುವಿಗೆ ಎರಡೇ ದಿನ ಇತ್ತು. ಮಧ್ಯಾಹ್ನ ನಿಮ್ಮವರು ತೋಳಿಗೆ ಟವೆಲ್ ಸುತ್ತಿಕೊಂಡು ಬಂದರು. ಹರಿಹರದಿಂದ ಬಂದಿದ್ದಾಗ ಆ ಎರಡು ಓಣಿಗಳಲ್ಲೊಂದರಲ್ಲಿ ಜಗಳ ಬಿಡಿಸಲು ಹೋದ ಅವರ ಮೇಲೆ ಪರಸ ಎಂಬವನು ಗುಂಡು ಹಾರಿಸಿದ್ದ.

"ಅವ್ನು ಮತ್ತೆ ಬರ್ತಾನ್ರಿ ಸಾಹೇಬ್ರೇ, ಹೆದ್ರಿಕೆ ಆಗೈತೆ. ಅವನ ಹೆಸ್ರು ಬರ್ಕಳ್ರಿ."

"ಬರ್ಕಂಡೀನಿ, ಕೂಡ್ರಿ" ಎಂದೆ.

ಬರೆದದ್ದೇನು? ಅವರು ಹರಿಹರದ ಹತ್ತಿರದ ಗುತ್ತೂರಿನ ಕಾರ್ಖಾನೆಯಲ್ಲಿ ಲೇತ್ ನಡೆಸುವವರು ಎಂದು ತಿಳಿದದ್ದೇ ತಡ— ಕೆಲಸದಲ್ಲಿ ಚೂರು ಸಿಡಿದು ಗಾಯ, ಜಾಗ ಹರಿಹರದ ಕಡೆ. ಓದಿ ಹೇಳಲಿಲ್ಲ. "ನೀವು ಬರ್ದಿದ್ದು ಸರೀನೇ ಇರ್ತೈತೆ ಬಿಡ್ರಿ" ಎಂದು ಅವರು ಹೆಬ್ಬೆಟ್ಟು ಒತ್ತಿದರು. ಶಾಯಿ ಒರೆಸಿಕೊಳ್ಳಲು ನಾನೇ ಕಾಗದ ಕೊಟ್ಟೆ.

ಗಸ್ತು ಫಲಿಸಿದೆ ಎಂದು ವರದಿ ಹೋಯಿತು. ಗುಂಡು ಕಡಿಮೆಯಾದದ್ದು ಗಸ್ತಿನಿಂದಲೋ ನನ್ನ ಪೆನ್ನಿನಿಂದಲೋ— ಅಯ್ಯೋ, ಅದಿನ್ನು ಯಾರಿಗೂ ಗೊತ್ತಾಗದು. ಪರಸನ ಹೆಸರು ಪಟ್ಟಿಗೆ ಏರಲಿಲ್ಲ, ಅವನ ಬಾಗಿಲನ್ನು ಯಾರೂ ತಟ್ಟಲಿಲ್ಲ. ಹದಿನೈದು ದಿನಕ್ಕೆ ಹರಿಹರದ ಬಸ್ ನಿಲ್ದಾಣದ ಬಳಿ ನಿಮ್ಮವರ ಎದೆಗೇ ಹೊಡೆದು ಕೊಂದ.

ಕಂಡವರು ಹೆದರಿ ಬಾಯಿ ಬಿಡಲಿಲ್ಲ. ಕೋರ್ಟಿನಲ್ಲಿ ಉಳಿದದ್ದು ನಿಮ್ಮ ಮಾತೊಂದೇ— ಪರಸ ಮೊದಲೂ ಗುಂಡು ಹಾರಿಸಿದ್ದ ಎಂಬುದು. ಅವನ ವಕೀಲರು ನಾನು ಬರೆದ ಕಾಗದವನ್ನು ಎತ್ತಿ ತೋರಿಸಿದರು. "ಸುಳ್ಳು ಐತ್ರಿ ಅದು!" ಎಂದು ನೀವು ಕೂಗಿದಿರಿ. ನಾನು ಕಟಕಟೆಯಲ್ಲಿ ನಿಂತು, ಬರೆದದ್ದೇ ಸರಿ ಎಂದೆ. ಅವನು ಬಿಡುಗಡೆಯಾದ. ಗಂಡ ಸತ್ತ ಮೇಲೂ ಕಥೆ ಕಟ್ಟುವವಳು ಎಂದು ಜನ ನಿಮ್ಮನ್ನು ಆಡಿಕೊಂಡರು, ಅದು ನನ್ನ ಕಿವಿಗೂ ಬಿದ್ದಿತ್ತು.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಇದನ್ನೆಲ್ಲ ಬರೆದು, ಸಹಿ ಹಾಕಿ ಕೋರ್ಟಿಗೂ ಕೊಡುತ್ತಿದ್ದೇನೆ— ನನಗೇನಾದರೂ ಆಗಲಿ. ನಾಳೆ ನಿಮ್ಮ ಹರಿಹರಕ್ಕೆ ಬರುತ್ತೇನೆ. ನಿಮ್ಮ ಓಣಿಯ ಜನರನ್ನೆಲ್ಲ ಕರೆದು ಹೇಳುತ್ತೇನೆ, ಗಂಗಕ್ಕ: ಸುಳ್ಳು ಹೇಳಿದ್ದು ನೀವಲ್ಲ, ನಾನು.