ಹುಳ ಇದ್ದ ಮನೆ ಬಿಡಿಸಿದ್ದು

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಬರೆಯುವ ಕೈ ನಿಧಾನ. ಅದಕ್ಕೇ ಸುತ್ತಿ ಬಳಸಿ ಹೇಳುವುದಿಲ್ಲ.

ಕೋಡಿಹಳ್ಳಿ ರಸ್ತೆಯಲ್ಲಿ ನಮ್ಮೂರು. ನಾನಿರುವುದು ಒಂದೇ ಕೋಣೆಯ ಮನೆ, ಹಿಂದೆ ಹಸುವಿನ ಕೊಟ್ಟಿಗೆ. ಪಕ್ಕದ ದೊಡ್ಡ ಮನೆಯೂ ನನ್ನದೇ. ಅದನ್ನು ರೇಷ್ಮೆಹುಳ ಸಾಕುವ ಗಂಡ ಹೆಂಡತಿಗೆ ಬಾಡಿಗೆಗೆ ಕೊಟ್ಟಿದ್ದೆ. ಬಾಡಿಗೆ ಸರಿಯಾಗಿ ಬರುತ್ತಿತ್ತು, ಅದರಲ್ಲಿ ತಕರಾರಿಲ್ಲ. ತಕರಾರು ಶುರುವಾಗಿದ್ದು ನನ್ನ ಮಗಳಿಗೆ ಕನಕಪುರದ ಆಸ್ಪತ್ರೆಗೆ ವರ್ಗವಾದ ಮೇಲೆ. ಅವಳು ನರ್ಸು, ಪಾಳಿಯ ಕೆಲಸ. ಅವಳ ಮಕ್ಕಳನ್ನು ನಾನೇ ನೋಡಿಕೊಳ್ಳಬೇಕು. ಸ್ಕೂಲು ತೆರೆಯುವುದರೊಳಗೆ ಆ ಮನೆ ನನಗೆ ಬೇಕೇ ಬೇಕಿತ್ತು.

ಯುಗಾದಿಗೇ ಹೇಳಿದ್ದೆ. "ಆಗ್ಲಿ ದೊಡ್ಡವ್ವ, ಈಗ ಹುಳ ಐತೆ, ಗೂಡು ಕಟ್ಕಳ್ಳಿ" ಅಂದಳು ಹೆಂಡತಿ. ಹುಳ ಮೇಯುತ್ತಿರುವ ಮನೆಯವರನ್ನು ನಮ್ಮ ಕಡೆ ಯಾರೂ ಎಬ್ಬಿಸುವುದಿಲ್ಲ. ಅರ್ಧದಲ್ಲಿ ಜಾಗ ಬದಲಿಸಿದರೆ ಹುಳ ಕೆಡುತ್ತವೆ, ಬೆಳೆ ಹೋಯಿತು ಅಂತಲೇ. ಸುಮ್ಮನಾದೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋಯಿತು. ಮನೆ ತೊಳೆದು ಸುಣ್ಣ ಎರಚಿದರು. ಖಾಲಿ ಮಾಡುತ್ತಾರೆ ಅಂದುಕೊಂಡರೆ, ಹೊಸ ಮರಿಹುಳ ತಂದು ತಟ್ಟೆಗೆ ಬಿಟ್ಟರು! ಹೋಗಿ ಕೇಳಿದರೆ ಮತ್ತೆ ಅದೇ ಮಾತು, "ಹುಳ ಐತೆ."

ನನ್ನ ತಮ್ಮ ಕನಕಪುರದ ಲಾಯರ ಹತ್ತಿರ ಕರೆದುಕೊಂಡು ಹೋದ. ಲಾಯರು ಒಳ್ಳೆಯವನೇ, ಕೂರಿಸಿ ಮಾತಾಡಿಸಿದ. ನೋಟಿಸು ಕೊಡೋಣ, ಆಮೇಲೆ ಕೇಸು ಹಾಕೋಣ ಅಂದ. ಎಷ್ಟು ದಿನ ಹಿಡಿಯುತ್ತೆ ಸ್ವಾಮಿ ಅಂದೆ. ತಲೆ ಮೇಲಿನ ಫ್ಯಾನು ನೋಡಿದ. ಅಷ್ಟರಲ್ಲಿ ಮೊಮ್ಮಕ್ಕಳಿಗೆ ಮೀಸೆ ಬಂದಿರುತ್ತೆ ಅಂತ ಎದ್ದು ಬಂದೆ.

ಬಸ್ಸಿಳಿದ ಕೂಡಲೇ ತಮ್ಮ ಶುರು ಮಾಡಿದ. "ಅಕ್ಕ, ಮಾವಿಗೆ ಹೊಡೆಯೋ ಔಷ್ದಿ ಮನೇಲೈತೆ. ಅವ್ರ ಬಾಗ್ಲತ್ರ ಒಸಿ ಹೊಡೆದ್ರೆ ಸಾಕು, ವಾಸ್ನೆಗೇ ಹುಳ ಸಾಯ್ತವೆ. ಆಮೇಲ್ ಅದ್ಯಾವ ನೆಪ ಹೇಳಾರು?"

"ಅದ್ನ ನಿನ್ ಬಾಯಿಗೆ ಹೊಯ್ಕೊ. ನಾನೂ ಹುಳ ಸಾಕಿದೋಳೇ ಕಣ್ಲಾ. ಅವ್ರ ಹುಳ ಕೊಂದು ಆ ಮನೇಲಿ ನನ್ ಮಗಳ ಒಲೆ ಹಚ್ಚಿಸ್ಲಾ?"

ಮಾರನೇ ಸಂಜೆ ಕಾಲು ತೊಳೆದುಕೊಂಡು ಪಕ್ಕದ ಮನೆಯೊಳಗೆ ಹೋದೆ. ಹುಳದ ಮನೆಗೆ ಹಾಗೆಯೇ ಹೋಗಬೇಕು. ತಟ್ಟೆ ನೋಡಿದೆ. ಹುಳ ಕೊನೆಯ ಸಲ ಪೊರೆ ಬಿಟ್ಟು ಎದ್ದಿದ್ದವು. ನಾವು ಅದನ್ನು ನಾಲ್ಕನೇ ಜ್ವರ ಅನ್ನುತ್ತೇವೆ. ಇನ್ನು ಗೂಡಿಗೇರುವ ತನಕ ಬಾಯಿ ಮುಚ್ಚದೆ ತಿನ್ನುತ್ತವೆ. ಮಳೆ ಬಿದ್ದ ಹಾಗೆ ಸದ್ದು. ಇಬ್ಬರೂ ಸೊಪ್ಪು ಹಾಕುತ್ತಿದ್ದರು.

"ಮನೆ ಯಾವಾಗ ಬಿಡ್ತೀರಾ?" ಅಂದೆ.

"ಹುಳ..." ಅಂದಳು ಅವಳು.

"ಹುಳ ನನಗೂ ಕಾಣ್ತೈತೆ. ಮುಂದಿಂದು ಹೇಳು."

ಗಂಡ ಸೊಪ್ಪಿನ ಬುಟ್ಟಿ ಕೆಳಗಿಟ್ಟ. "ಬೇಕು ಅಂತ ಕೂತಿಲ್ಲ ದೊಡ್ಡವ್ವ. ಹುಳ ಸಾಕ್ತೀವಿ ಅಂದ್ರೆ ನಾತ ಅಂತ ಯಾರೂ ಮನೆ ಕೊಡಕಿಲ್ಲ. ಊರೂರು ತಿರುಗಬೇಕು. ತಿರುಗಕ್ ಹೋದ್ರೆ ತೋಟದಿಂದ ಸೊಪ್ಪು ತರೋರು ಯಾರು? ಒಂದೊತ್ತು ತಪ್ಪಿದ್ರೆ ಇವು ಉಳಿತಾವಾ?"

ಇದನ್ನು ಮೊದಲೇ ಹೇಳಿದ್ದರೆ ನನ್ನ ಬಸ್ ಚಾರ್ಜು ಉಳಿಯುತ್ತಿತ್ತು.

"ಸೊಪ್ಪು ನಾನು ಕೊಯ್ತೀನಿ. ನೀನು ಮನೆ ಹುಡುಕು" ಅಂದೆ.

ಹೆಂಡತಿ ನಕ್ಕಳು. "ಈ ವಯಸ್ನಾಗಾ?"

"ವಯಸ್ಸು ನಂದು, ನಿಂಗ್ಯಾಕೆ? ಕೇಳಿಲ್ಲಿ. ಈ ಗೂಡು ಬಿಡಿಸಿದ್ಮೇಲೆ ಹೊಸ ಮರಿ ಈ ಹೊಸ್ಲು ದಾಟಬಾರ್ದು. ಚಂದ್ರಿಕೆ ಅಷ್ಟೂ ನನ್ನ ಕೊಟ್ಟಿಗೆಗೆ ಬರಬೇಕು. ಹೊಸಾ ಮನೆ ಬೀಗದ ಕೈ ತೋರಿಸಿದ ದಿನ ತಗಂಡ್ ಹೋಗಿ."

ಹಣ್ಣಾದ ಹುಳ ಗೂಡು ಕಟ್ಟುವುದು ಆ ಬಿದಿರಿನ ಚಂದ್ರಿಕೆಯ ಮೇಲೆ. ಅದು ನನ್ನ ಹತ್ತಿರ ಇದ್ದರೆ ಅವರು ಇನ್ನೊಂದು ಬೆಳೆ ಎತ್ತುವ ಹಾಗಿಲ್ಲ.

"ಅಷ್ಟರಲ್ಲಿ ಮನೆ ಸಿಗದಿದ್ರೆ?" ಅಂದಳು ಹೆಂಡತಿ.

"ಸಾಮಾನು ನನ್ನ ಕೊಟ್ಟಿಗೇಲಿಡಿ, ನೀವೂ ಅಲ್ಲೇ ಮಲಗಿ. ಹಸಾನ ಹೊರಗೆ ಕಟ್ತೀನಿ. ನನ್ನ ಮಗಳು ಮಾತ್ರ ಸ್ಕೂಲಿಗೆ ಮುಂಚೆ ಈ ಮನೆಗೆ ಬರಬೇಕು."

ಅವಳು ತಟ್ಟೆಯ ಮೇಲೆ ಸೊಪ್ಪು ಹರಡುತ್ತಲೇ ಹೇಳಿದಳು. "ನಂದೂ ಒಂದು ಮಾತೈತೆ. ನಿಮ್ ತಮ್ಮ ಔಷ್ದಿ ವಿಚಾರ ಟೀ ಅಂಗಡೀಲಿ ಸಾರ್ಕಂಡ್ ತಿರುಗ್ತಾವ್ನೆ. ಗೂಡಾಗೋ ಗಂಟ ಅವನು ಈ ಬಾಗ್ಲಿಗೆ ಬರಬಾರ್ದು."

ನ್ಯಾಯವಾದ ಮಾತು. "ಬರಕಿಲ್ಲ" ಅಂದೆ. "ಬಂದ್ರೆ ಅವನ ಕಾಲು ಮುರೀತೀನಿ."

ಸಾಕ್ಷಿ ಇಲ್ಲ, ಕಾಗದ ಇಲ್ಲ. ಅವಳು ಟೀ ಕೊಟ್ಟಳು, ಸಕ್ಕರೆ ಜಾಸ್ತಿಯಾಗಿತ್ತು, ಕುಡಿದೆ.

ಮಾರನೇ ದಿನ ಬೆಳಕು ಹರಿಯುತ್ತಲೇ ಕುಡುಗೋಲು ಹಿಡಿದು ಅವರ ಸೊಪ್ಪಿನ ತೋಟಕ್ಕೆ ಇಳಿದೆ. ಗಂಡ ದೊಡ್ಡಆಲಹಳ್ಳಿ ಕಡೆ ಬಸ್ಸು ಹತ್ತಿದ. ಸೊಂಟ ನೋಯುತ್ತಿತ್ತು, ನೋಯಲಿ ಅಂತ ಕೊಯ್ದೆ. ಹೊರೆ ಕಟ್ಟುವ ಹೊತ್ತಿಗೆ ತಮ್ಮ ಬದುವಿನ ಮೇಲೆ ನಿಂತು ಹಲ್ಲು ಕಿರಿಯುತ್ತಿದ್ದ.

"ಏನಕ್ಕ, ಬಾಡಿಗೆಯೋರ ಮನೆ ಕೂಲಿಗೆ ಸೇರ್ಕೊಂಡ್ಯಾ?"

"ಬಾಯಿ ಮುಚ್ಚು, ಹೊರೆ ಎತ್ಕೊ."

ಗೊಣಗಿಕೊಂಡೇ ಮನೆಯ ತನಕ ಹೊತ್ತು ತಂದ. ಅಂಗಳದಲ್ಲಿ ಅವನನ್ನು ನಿಲ್ಲಿಸಿದೆ. ಹೊರೆಯನ್ನು ಅವನ ತಲೆಯಿಂದ ನನ್ನ ತಲೆಗೆ ಹಾಕಿಸಿಕೊಂಡು, ಅವನನ್ನು ಅಲ್ಲೇ ಬಿಟ್ಟು, ನಾನೊಬ್ಬಳೇ ಹೊಸ್ತಿಲು ದಾಟಿ ಹುಳಕ್ಕೆ ಸೊಪ್ಪು ಹಾಕಿದೆ.