ಗಿರಾಕಿ ರಾಷ್ಟ್ರಾಧ್ಯಕ್ಷನಾದ ಮೇಲೆ

ಆ ಮನುಷ್ಯ ರಾಷ್ಟ್ರಾಧ್ಯಕ್ಷನಾಗುವ ಮೊದಲು ಮಸಾಲೆದೋಸೆಯ ಗಿರಾಕಿ. ಆಫ್ರಿಕದ ಒಂದು ರಾಜಧಾನಿಯಲ್ಲಿ ನನ್ನ ತಮ್ಮ ಅಡುಗೆಯವನಾಗಿದ್ದ ಹೋಟೆಲಿಗೆ, ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದಾಗಿನಿಂದ ಬರುತ್ತಿದ್ದ. ಸಾಂತಾಕ್ರೂಜಿನ ಹೋಟೆಲಿನ ಕೆಲಸ ಬಿಟ್ಟು ಅಲ್ಲಿಗೆ ಹೋದ ತಮ್ಮ, ಪ್ರತಿ ಭಾನುವಾರ ಸಯನ್ನಿನ ನಮ್ಮ ಮನೆಗೆ ಫೋನ್ ಮಾಡಿ ಆ ದೇಶದ ರಾಜಕೀಯವನ್ನು ದೋಸೆಯ ಮೂಲಕವೇ ಹೇಳುತ್ತಿದ್ದ. ಕ್ಯಾಪ್ಟನ್ ಆಗಿದ್ದಾಗ ಎಲ್ಲರ ಜೊತೆ ಕಾದು ಕೂತು ತಿನ್ನುತ್ತಿದ್ದನಂತೆ. ಕರ್ನಲ್ ಆದ ಮೇಲೆ ಫ್ಯಾಮಿಲಿ ರೂಮು. ರಕ್ಷಣಾ ಮಂತ್ರಿಯಾದ ಮೇಲೆ ಪಾರ್ಸೆಲ್. ಒಂದು ಬೆಳಿಗ್ಗೆ ಸೈನಿಕರು ಹಳೆಯ ಅಧ್ಯಕ್ಷನನ್ನು ಎಳೆದುಕೊಂಡು ಹೋದರು, ಆ ಕುರ್ಚಿಯಲ್ಲಿ ನಮ್ಮ ಗಿರಾಕಿ ಕೂತ. ಆ ದಿನ ನನ್ನ ತಮ್ಮ ಹೋಟೆಲಿನಲ್ಲಿ ಎಲ್ಲರಿಗೂ ಶೀರಾ ಹಂಚಿದ, ಪೆದ್ದ.

ವರ್ಷ ತುಂಬುವುದರೊಳಗೆ ಅಲ್ಲಿ ಯುದ್ಧ ಶುರುವಾಯಿತು. ಫೋರ್ಟಿನ ನನ್ನ ಆಫೀಸಿನಿಂದಲೇ ಫೋನ್ ಮಾಡಿ, ಕೂಡಲೇ ಹೊರಟು ಬಾ ಎಂದೆ.

"ಹೆದರ್ಬೇಡ ಅಕ್ಕ. ಅವ ನಮ್ಮ ಗಿರಾಕಿ ಅಲ್ವಾ? ಉಂಡ ಮನೆಗೆ ಎರಡು ಬಗೆಯುವವ ಅಲ್ಲ."

"ಹೋಟೆಲು ಮನೆಯಾ ಮಾರಾಯ? ದುಡ್ಡು ಕೊಟ್ಟು ತಿಂದವನಿಗೆ ಎಂಥ ಋಣ?" ಎಂದು ಬೈದೆ. ಹೋಟೆಲಿನವರ ಹುಚ್ಚೇ ಇದು. ಯಾರ ನಾಲಿಗೆಯ ರುಚಿ ಗೊತ್ತೋ ಅವರ ಮನಸ್ಸೂ ಗೊತ್ತು ಎಂದುಕೊಳ್ಳುತ್ತಾರೆ.

ಯುದ್ಧ ರಾಜಧಾನಿಗೇ ಬಂದಾಗ ತಮ್ಮನಿಗೂ ಬುದ್ಧಿ ಬಂತು. ನಮ್ಮವರನ್ನು ಕರೆತರುವ ವಿಮಾನದ ಪಟ್ಟಿಯಲ್ಲಿ ಹೆಸರು ಬರೆಸಿದ. ನಾನು, ಅವನ ಹೆಂಡತಿ ಏರ್‌ಪೋರ್ಟಿಗೆ ಹೋದೆವು. ಎಲ್ಲರೂ ಹೊರಬಂದರು, ಅವನೊಬ್ಬ ಬರಲಿಲ್ಲ. ಬಂದವರಲ್ಲಿ ವಿಜಯಪುರದ ಕಡೆಯವರಾದ ತಮ್ಮನ ಹೋಟೆಲಿನ ಕ್ಯಾಶಿಯರ್, ಫೋಟೊದಲ್ಲಿ ನೋಡಿದ್ದ ನಮ್ಮನ್ನು ಗುರುತಿಸಿ ಹತ್ತಿರ ಬಂದರು.

"ನಿನ್ನೆ ಅಧ್ಯಕ್ಷನ ಮಂದಿ ಬಂದು ಅವನ್ನ ಕರ್ಕೊಂಡು ಹೋದರ್ರೀ. ಅಧ್ಯಕ್ಷಗ ವಿಷದ ಅಂಜಿಕಿ. ಯುದ್ಧ ಮುಗಿಯೂತನಕ ಇವನ ಕೈಯಾಗಿನ ಅಡಿಗಿನ ಬೇಕಂತ. ಪಾಸ್‌ಪೋರ್ಟೂ ಇಸ್ಕೊಂಡಾರ್ರಿ."

"ಇವರು ಇಷ್ಟು ಚೆಂದ ಅಡುಗೆ ಯಾಕಾದ್ರೂ ಕಲಿತ್ರೋ" ಎಂದು ತಮ್ಮನ ಹೆಂಡತಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಆಮೇಲೆ ಅವನ ಫೋನ್ ಇಲ್ಲ. ಹೋಗಬೇಕಾದ ಕಚೇರಿಗಳಿಗೆಲ್ಲ ಹೋಗಿ ಬಂದೆವು. ನೋಡೋಣ ಅನ್ನುತ್ತಾರೆ, ಅಷ್ಟೇ. ಈಗ ನನಗೆ ಉಳಿದಿರುವುದು ಆ ಅಧ್ಯಕ್ಷನ ಭಾಷಣ. ಮತ್ತೆ ಸೇನೆಯ ಅಂಗಿ ತೊಟ್ಟು ಮೇಜು ಗುದ್ದಿ ಮಾತಾಡುತ್ತಾನೆ. ಲೋಕಲ್ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಮೊಬೈಲಿನಲ್ಲಿ ನೋಡುತ್ತೇನೆ. ಭಾಷೆ ತಿಳಿಯದು, ಮುಖ ಮಾತ್ರ ನೋಡುತ್ತೇನೆ. ಅವನು ಕೆಮ್ಮಿದರೆ ವಿಡಿಯೊ ಹಿಂದಕ್ಕೆಳೆದು ಮತ್ತೆ ನೋಡುತ್ತೇನೆ. ಅವನಿಗೆ ಹೊಟ್ಟೆನೋವು ಬಂದರೂ ಅಡುಗೆಯವನನ್ನೇ ಮೊದಲು ಹಿಡಿಯುತ್ತಾರೆ. ಅಧ್ಯಕ್ಷನನ್ನು ಕೊಲ್ಲಲು ಬಂದವರೂ ಅವನ ಅಡುಗೆಮನೆಯಲ್ಲಿದ್ದವನನ್ನು ಬಿಡುತ್ತಾರೆಯೇ?

ಅವನು ಸುಡಿಸಿದ ಊರುಗಳ ಫೋಟೊ ಪೇಪರಿನಲ್ಲಿ ಬರುತ್ತದೆ, ಸತ್ತ ಮಕ್ಕಳನ್ನು ಸಾಲಾಗಿ ಮಲಗಿಸಿರುತ್ತಾರೆ. ಅದನ್ನು ನೋಡಿದ ಮೇಲೂ ಸ್ನಾನ ಮಾಡಿ, ದೀಪ ಹಚ್ಚಿ, ಆ ಪಾಪಿಗೆ ನೂರು ವರ್ಷ ಆಯುಷ್ಯ ಕೊಡು ದೇವರೇ ಎಂದು ದಿನಾ ಬೇಡುತ್ತೇನೆ.